ಮೂರೂವರೆ ಮೇಷ್ಟ್ರು

ನಮ್ಮ ಶಾಲೆಗೆ ಗಣಿತ ಹೇಳಿಕೊಡಲು ಮೂರೂವರೆ ಜನ ಸಾಕು ಎಂದು ಕಚೇರಿಯವರು ಲೆಕ್ಕ ಹಾಕಿ ಕಳಿಸಿದರು. ಇದ್ದವರು ನಾವು ನಾಲ್ವರು. ಆ ಅರ್ಧ ಯಾರು ಎಂದು ಸ್ಟಾಫ್ ರೂಮಿನಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎಲ್ಲರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ನಾಲ್ವರಲ್ಲಿ ಕೊನೆಗೆ ಸೇರಿದವಳು ನಾನು. ಇಂದಲ್ಲ ನಾಳೆ ಕೆಲಸ ಕಾಯಂ ಆಗುತ್ತದೆ ಎಂದು ವರ್ಷಗಟ್ಟಲೆ ಕಾದು ಕೂತವಳೂ ನಾನೇ. ಇಷ್ಟು ದಿನ ಪೂರ್ತಿ ಒಬ್ಬಳಂತೆ ಪಾಠ ಮಾಡಿದ್ದೆ, ಪೂರ್ತಿ ಒಬ್ಬಳಂತೆ ಬೈಸಿಕೊಂಡಿದ್ದೆ. ನಾನು ಅರ್ಧ ಎಂದು ಮೊದಲೇ ಹೇಳಿದ್ದರೆ ಬೈಗುಳವನ್ನಾದರೂ ಅರ್ಧಕ್ಕೆ ನಿಲ್ಲಿಸಬಹುದಿತ್ತು.

ಈ ಲೆಕ್ಕ ಹಾಕಿದ ಅಧಿಕಾರಿಗೆ ನಾವು ಸೂತ್ರಧಾರ ಎಂದು ಹೆಸರಿಟ್ಟಿದ್ದೇವೆ. ಅವರು ಎಲ್ಲಿಗೆ ಹೋದರೂ ಜೇಬಿನಲ್ಲಿ ಒಂದು ಸೂತ್ರ ಇಟ್ಟುಕೊಂಡೇ ಹೋಗುತ್ತಾರೆ. ಸೂತ್ರದ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ನಮ್ಮ ಕುತ್ತಿಗೆಯಲ್ಲಿ. ಕಚೇರಿಯಲ್ಲಿ ಅವರ ಮೇಜಿನ ಮೇಲೆ ಫೈಲುಗಳೇ ಇರುವುದಿಲ್ಲವಂತೆ. ಬಂದದ್ದನ್ನೆಲ್ಲ ಭಾಗಿಸಿ ಕಳಿಸಿಬಿಡುತ್ತಾರಂತೆ.

ಸುದ್ದಿಯನ್ನು ದೊಡ್ಡ ಮೇಡಂ, ಅಂದರೆ ನಮ್ಮ ಮುಖ್ಯೋಪಾಧ್ಯಾಯಿನಿ, ತಮ್ಮ ಕೋಣೆಗೆ ಕರೆಸಿ ಹೇಳಿದರು. ನನ್ನ ಜೊತೆ ಚಿತ್ರದ ಮೇಷ್ಟ್ರನ್ನೂ ಕರೆಸಿದ್ದರು. ಅವರು ಸೀಮೆಸುಣ್ಣ ಮೆತ್ತಿದ ಬೆರಳುಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ತಪ್ಪು ಮಾಡಿ ಸಿಕ್ಕಿಬಿದ್ದ ವಿದ್ಯಾರ್ಥಿಯಂತೆ ಬಾಗಿಲ ಹತ್ತಿರವೇ ನಿಂತರು. ಮೇಡಂ ಸೂತ್ರವನ್ನು ಗಟ್ಟಿಯಾಗಿ ಓದಿದರು. ಮಕ್ಕಳ ಸಂಖ್ಯೆಯನ್ನು ನಲವತ್ತರಿಂದ ಭಾಗಿಸಬೇಕು, ಬಂದದ್ದು ತರಗತಿಗಳ ಸಂಖ್ಯೆ. ಒಂದು ತರಗತಿಗೆ ವಾರಕ್ಕೆ ಏಳು ಗಣಿತದ ಪೀರಿಯಡ್, ಅದರಿಂದ ಗುಣಿಸಬೇಕು. ಒಬ್ಬರು ವಾರಕ್ಕೆ ಇಪ್ಪತ್ತೆಂಟು ಪೀರಿಯಡ್ ತೆಗೆದುಕೊಳ್ಳಬೇಕು, ಅದರಿಂದ ಭಾಗಿಸಬೇಕು. ಕೊನೆಗೆ ಉಳಿಯುವುದೇ ಬೇಕಾದ ಮೇಷ್ಟ್ರುಗಳ ಸಂಖ್ಯೆ.

ನಮ್ಮಲ್ಲಿರುವುದು ಐನೂರ ಎಪ್ಪತ್ತೊಂಬತ್ತು ಮಕ್ಕಳು. ನಲವತ್ತರಿಂದ ಭಾಗಿಸಿದರೆ ಹದಿನಾಲ್ಕೂವರೆಗೆ ಕೂದಲೆಳೆಯಷ್ಟು ಕಡಿಮೆ ಬರುತ್ತದೆ. ಅರ್ಧಕ್ಕಿಂತ ಕಡಿಮೆಯಾದ್ದರಿಂದ ಸೂತ್ರಧಾರರು ಅದನ್ನು ಹದಿನಾಲ್ಕು ಎಂದು ಹಿಡಿದಿದ್ದರು. ಹದಿನಾಲ್ಕೇಳ್ಲ ತೊಂಬತ್ತೆಂಟು. ಅದನ್ನು ಇಪ್ಪತ್ತೆಂಟರಿಂದ ಭಾಗಿಸಿದರೆ ಮೂರೂವರೆ. ಉತ್ತರದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದರೆ ಮಾತ್ರ ಇನ್ನೊಬ್ಬರು ಎಂದು ನಿಯಮ. ಇಲ್ಲಿ ಉಳಿದಿರುವುದು ಅರ್ಧಕ್ಕೆ ಅರ್ಧ, ಹೆಚ್ಚಲ್ಲ. ಆದ್ದರಿಂದ ಮೂವರು. ಚಿತ್ರದ ಮೇಷ್ಟ್ರಿಗೆ ತರಗತಿಗೆ ವಾರಕ್ಕೆ ಒಂದೇ ಪೀರಿಯಡ್. ಹದಿನಾಲ್ಕನ್ನು ಇಪ್ಪತ್ತೆಂಟರಿಂದ ಭಾಗಿಸಿದರೆ ಅವರೂ ಸರಿಯಾಗಿ ಅರ್ಧ. ಆದ್ದರಿಂದ ಸೊನ್ನೆ.

ಅರ್ಧ ಬಂದರೆ ಮುಂದಿನ ಸಂಖ್ಯೆಗೆ ಹೋಗಬೇಕು ಎಂದು ನಮ್ಮ ಪಠ್ಯಪುಸ್ತಕದಲ್ಲೇ ಇದೆ ಎಂದೆ. ಅದು ಮಕ್ಕಳ ಪುಸ್ತಕ ಕಣಮ್ಮ ಎಂದರು ಮೇಡಂ. ಅವರು ಕೆಟ್ಟವರಲ್ಲ. ಮೇಲಿನವರ ಹೆಸರೆತ್ತಿದರೆ ಅವರ ಬೆನ್ನು ತಾನಾಗಿ ಬಾಗುತ್ತದೆ, ಅಷ್ಟೇ. ಹೊರಗೆ ಬಂದ ಮೇಲೆ ಚಿತ್ರದ ಮೇಷ್ಟ್ರು ನಕ್ಕರು. ನಿಮ್ಮದೊಂದು ಅರ್ಧ, ನನ್ನದೊಂದು ಅರ್ಧ, ಇಬ್ಬರೂ ಸೇರಿದರೆ ಒಬ್ಬರ ಕೆಲಸ ಉಳಿಯಬೇಕಲ್ಲ ಎಂದರು. ತಮಾಷೆಗೆ ಹೇಳಿದ್ದು. ನನಗೆ ನಗು ಬರಲಿಲ್ಲ.

ಮನೆಯಲ್ಲಿ ನನ್ನ ಗಂಡ ಮೋಟಾರ್ ರಿಪೇರಿ ಅಂಗಡಿಯಿಂದ ಬಂದು ಕೈ ತೊಳೆಯುತ್ತಿದ್ದರು. ಗ್ರೀಸ್ ಹೋಗಲು ಸೋಪನ್ನು ಎರಡೆರಡು ಸಲ ಉಜ್ಜಬೇಕು, ಅಲ್ಲಿಯವರೆಗೂ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಟವೆಲ್ಲಿಗೆ ಕೈ ಒರೆಸುತ್ತಾ, "ಇರಲಿ ಬಿಡು," ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಯಾಕೆ ಉರಿಯಿತು ಎಂದು ಹೇಳಬೇಕು. ನಾನು ಯಾವ ಲೆಕ್ಕ ಶುರು ಮಾಡಿದರೂ ಎಕ್ಸ್ ಆಗಿರಲಿ ಎಂದೇ ಶುರು ಮಾಡುವುದು. ಅಪ್ಪನ ವಯಸ್ಸು ಎಕ್ಸ್ ಆಗಿರಲಿ, ರೈಲಿನ ವೇಗ ಎಕ್ಸ್ ಆಗಿರಲಿ. ಅದಕ್ಕೇ ಮಕ್ಕಳು ನನಗೆ ಇರಲಿ ಮಿಸ್ ಎಂದು ಹೆಸರಿಟ್ಟರು. ಹೆಸರು ಮಕ್ಕಳ ಬಾಯಿಂದ ಸ್ಟಾಫ್ ರೂಮಿಗೆ ಹತ್ತಿತು. ಅಲ್ಲಿಗೆ ಬಂದ ಮೇಲೆ ಅದರ ಅರ್ಥವೇ ಕೆಟ್ಟುಹೋಯಿತು. ಯಾರೋ ರಜೆ ಹಾಕಿದರೆ ಅವರ ಪೀರಿಯಡ್ ಇರಲಿ ಮಿಸ್‌ಗೆ. ಪರೀಕ್ಷೆಯ ಮೇಲ್ವಿಚಾರಣೆ ಇರಲಿ ಮಿಸ್‌ಗೆ. ಏನು ಹೇರಿದರೂ ಇರಲಿ ಎನ್ನುವವಳು ಎಂದು ಎಲ್ಲರೂ ನಂಬಿಬಿಟ್ಟರು. ಬೀಜಗಣಿತದ ಇರಲಿ ಹಾಗಲ್ಲ. ಅಲ್ಲಿ ಒಮ್ಮೆ ಇರಲಿ ಎಂದರೆ, ಅದು ಎಷ್ಟು ಎಂದು ಸಿಗುವವರೆಗೂ ಬೆನ್ನು ಬಿಡುವಂತಿಲ್ಲ. ಇದನ್ನು ನನ್ನ ಗಂಡನಿಗೆ ವಿವರಿಸಿದೆ. ಅವರು ಅದಕ್ಕೂ ಇರಲಿ ಎಂದರು.

ಸಿಟ್ಟಿನಲ್ಲಿ ತರಕಾರಿ ಹೆಚ್ಚುತ್ತಾ ಸೂತ್ರವನ್ನು ಮತ್ತೆ ಮೊದಲಿನಿಂದ ಮನಸ್ಸಿನಲ್ಲೇ ಬಿಡಿಸಿದೆ. ಹೇಳಿಕೆ ಲೆಕ್ಕಗಳಿಗೆ ನಾನು ಮಕ್ಕಳಿಗೆ ಕಲಿಸುವ ಕ್ರಮ ಒಂದಿದೆ. ಮೊದಲು ಅಂದಾಜು ಮಾಡು. ಆಮೇಲೆ ಸಮೀಕರಣ ಬರೆದು ಬಿಡಿಸು. ಉತ್ತರ ಬಂದ ಮೇಲೆ ಅದರ ಮುಖವನ್ನು ಒಮ್ಮೆ ನೋಡು, ಅಂದಾಜಿಗೂ ಅದಕ್ಕೂ ಹೊಂದುತ್ತದೆಯೇ ಕೇಳು. ಐನೂರ ಎಪ್ಪತ್ತೊಂಬತ್ತು ಎಂದರೆ ಹತ್ತಿರ ಹತ್ತಿರ ಆರುನೂರು. ನಲವತ್ತರಂತೆ ಹದಿನೈದು ತರಗತಿ. ಹದಿನೈದೇಳ್ಲ ನೂರೈದು. ಅದರಲ್ಲಿ ಇಪ್ಪತ್ತೆಂಟು ಸುಮಾರು ನಾಲ್ಕು ಸಲ ಹೋಗುತ್ತದೆ, ಚೂರು ಕಡಿಮೆ. ಅಂದಾಜು ನಾಲ್ಕರ ಹತ್ತಿರ ನಿಂತಿದೆ, ಕಚೇರಿಯ ಉತ್ತರ ಮೂರೂವರೆಗೆ ಬಂದು ಕೂತಿದೆ. ನಡುವೆ ಯಾರೋ ಏನೋ ಬೀಳಿಸಿದ್ದಾರೆ.

ಬೀಳಿಸಿದ್ದು ಮೊದಲನೆಯ ಹೆಜ್ಜೆಯಲ್ಲೇ. ಹದಿನಾಲ್ಕು ತರಗತಿಯಲ್ಲಿ ನಲವತ್ತರಂತೆ ಐನೂರ ಅರವತ್ತು ಮಕ್ಕಳು ಹಿಡಿಸುತ್ತಾರೆ. ಉಳಿದ ಹತ್ತೊಂಬತ್ತು ಮಕ್ಕಳು ಎಲ್ಲಿ? ಸೂತ್ರದಲ್ಲಿ ಎಲ್ಲೂ ಇಲ್ಲ. ಶಾಲೆಯಲ್ಲಿ ಇದ್ದಾರೆ, ದಿನಾ ಬರುತ್ತಾರೆ, ಟಿಫಿನ್ ಡಬ್ಬಿ ಮರೆತು ಅಳುತ್ತಾರೆ. ನಮ್ಮಲ್ಲಿ ಈಗ ನಡೆಯುತ್ತಿರುವುದೇ ಹದಿನೈದು ತರಗತಿ, ಕಣ್ಣಿದ್ದವರು ಬಂದು ಎಣಿಸಬಹುದು. ಪ್ರತಿ ಹೆಜ್ಜೆಗೂ ಅಂದಾಜಿಗೆ ಇಳಿಸಬೇಡಿ, ಇಳಿಸಿದರೆ ಕೊನೆಯಲ್ಲಿ ಏನೋ ಕಾಣೆಯಾಗಿರುತ್ತದೆ ಎಂದು ಆರನೆಯ ತರಗತಿಗೆ ಬಾಯಿ ನೋಯುವಷ್ಟು ಹೇಳುತ್ತೇನೆ. ಇಲ್ಲಿ ಕಾಣೆಯಾಗಿದ್ದು ಹತ್ತೊಂಬತ್ತು ಮಕ್ಕಳು ಮತ್ತು ಅವರ ಹಿಂದೆಯೇ ನಾನು.

ಮಾರನೆಯ ದಿನ ಇದನ್ನು ದೊಡ್ಡ ಮೇಡಂಗೆ ಹೇಳಿದೆ. ಅವರು ಎದ್ದು ಬಾಗಿಲು ಹಾಕಿದರು. ಆ ವಾರವೇ ಸೂತ್ರಧಾರರು ಪಾಠ ನೋಡಲು ಬರುವವರಿದ್ದರು. ಅವರ ಎದುರು ಹದಿನಾಲ್ಕು, ಹದಿನೈದು ಎಂದು ಬಾಯಿ ಬಿಡಬೇಡ, ಕೆಳಗಿನವರು ತಪ್ಪು ತೋರಿಸಿದರೆ ಅವರಿಗೆ ಆಗಿಬರುವುದಿಲ್ಲ ಎಂದು ಬೇಡಿಕೊಂಡರು, ಕೈ ಮುಗಿಯುವುದೊಂದು ಬಾಕಿ. ಸ್ಟಾಫ್ ರೂಮಿಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತೆ. ಚಿತ್ರದ ಮೇಷ್ಟ್ರು ಪೆನ್ಸಿಲನ್ನು ಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಕಿಟಕಿಯಾಚೆಯ ನೀರಿನ ಟ್ಯಾಂಕನ್ನು ಅಳೆಯುತ್ತಿದ್ದರು. ಅವರ ಅಂದಾಜೆಲ್ಲ ಹಾಗೆಯೇ, ಹೆಬ್ಬೆರಳಿನಲ್ಲಿ.

"ಮುಖದ ಮೇಲೆ ಹೇಳಿದ್ರೆ ಅವರಿಗೆ ಕೋಪ ಬರುತ್ತೆ. ಚಿತ್ರ ತೋರಿಸಿ, ಅವರೇ ಹೇಳ್ತಾರೆ," ಎಂದರು.

ಹಾಗೆ ಹುಟ್ಟಿದ್ದು ದೋಣಿ. ಅವರೇ ಬೆಳಿಗ್ಗೆ ಬೇಗ ಬಂದು ನನ್ನ ತರಗತಿಯ ಬೋರ್ಡಿನ ಅರ್ಧಕ್ಕೆ ಬಣ್ಣದ ಸೀಮೆಸುಣ್ಣದಲ್ಲಿ ನದಿ ಬಿಡಿಸಿದರು. ಈ ದಡದಲ್ಲಿ ಜನರ ಗುಂಪು, ನಡುವೆ ಮೋಟಾರು ದೋಣಿ. ದಡದ ತುದಿಯಲ್ಲಿ ಚಿಕ್ಕ ಚಿಕ್ಕ ಮನುಷ್ಯರನ್ನು ಬೇರೆಯಾಗಿ ನಿಲ್ಲಿಸಿದರು. ಒಬ್ಬನ ಚೀಲದ ಪಟ್ಟಿ ಜಾರಿದೆ, ಒಬ್ಬಳ ಒಂದು ಜಡೆ ಬಿಚ್ಚಿದೆ, ಇನ್ನೊಬ್ಬ ಮೂಗಿಗೆ ಬೆರಳು ಹಾಕಿಕೊಂಡಿದ್ದಾನೆ. ಎಣಿಸಿದೆ, ಸರಿಯಾಗಿ ಹತ್ತೊಂಬತ್ತು. ನನ್ನ ಕೆಲಸ ಉಳಿಯಲಿ ಎಂದು ಅವರು ಅಷ್ಟು ಶ್ರದ್ಧೆಯಿಂದ ಬರೆಯುತ್ತಿದ್ದರು.

ಸೂತ್ರಧಾರರು ಬಂದು ಕೊನೆಯ ಬೆಂಚಿನಲ್ಲಿ ಕೂತರು. ಅದು ಮಕ್ಕಳ ಬೆಂಚು. ಅವರ ಮೊಣಕಾಲು ಗಲ್ಲದವರೆಗೆ ಬಂದಿತ್ತು. ದೊಡ್ಡ ಮೇಡಂ ಬಾಗಿಲಲ್ಲೇ ನಿಂತರು. ನಾನು ಲೆಕ್ಕ ಹೇಳಿದೆ. ಐನೂರ ಎಪ್ಪತ್ತೊಂಬತ್ತು ಜನ ನದಿ ದಾಟಬೇಕು. ದೋಣಿಯಲ್ಲಿ ಒಂದು ಸಲಕ್ಕೆ ನಲವತ್ತು ಜನ, ಒಬ್ಬರು ಹೆಚ್ಚಾದರೂ ಹತ್ತಿಸುವಂತಿಲ್ಲ. ಒಂದು ಸಲ ಹೋಗಿಬರಲು ಏಳು ಲೀಟರ್ ಡೀಸೆಲ್. ಡೀಸೆಲ್ ಸಿಗುವುದು ಇಪ್ಪತ್ತೆಂಟು ಲೀಟರಿನ ಕ್ಯಾನುಗಳಲ್ಲಿ. ಎಷ್ಟು ಕ್ಯಾನು ತರಬೇಕು?

ಮೊದಲು ಅಂದಾಜು ಎಂದೆ. ಮಕ್ಕಳು ಮೂರು, ನಾಲ್ಕು, ಹತ್ತು, ನೂರು ಎಂದು ಕೂಗಿದರು. ಆಮೇಲೆ ಬೇಕಾದ ಕ್ಯಾನುಗಳ ಸಂಖ್ಯೆ ಎಕ್ಸ್ ಆಗಿರಲಿ ಎಂದು ಬರೆದೆ. ದೋಣಿ ಎಷ್ಟು ಸಲ ಹೋಗಬೇಕು ಎಂದು ಕೇಳಿದಾಗ ಮುಂದಿನ ಬೆಂಚಿನ ಜಾಣನೊಬ್ಬ ಎದ್ದು, ಹದಿನಾಲ್ಕು ಪಾಯಿಂಟ್ ನಾಲ್ಕು ಏಳು ಐದು, ಅದನ್ನು ಹದಿನಾಲ್ಕು ಅಂತ ತಗೋಬಹುದು ಎಂದ. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಸುಮ್ಮನೆ ಬೋರ್ಡಿನ ದಡವನ್ನು ನೋಡಿದೆ.

ಸೂತ್ರಧಾರರಿಗೆ ತಡೆಯಲಾಗಲಿಲ್ಲ. ಬೆಂಚಿನಿಂದ ಮೊಣಕಾಲು ಬಿಡಿಸಿಕೊಂಡು ಎದ್ದೇಬಿಟ್ಟರು.

"ಹದಿನಾಲ್ಕು ಅಂದ್ರೆ ಹೇಗಪ್ಪಾ? ಇಲ್ಲಿ ನಿಂತಿರೋರನ್ನ ಏನು ಮಾಡ್ತೀಯ? ಅವರು ಮನುಷ್ಯರಲ್ವಾ?"

ಅಲ್ಲಿಂದ ಮುಂದೆ ಪಾಠ ಅವರದೇ. ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡರು. ಹತ್ತಿರದ ಸಂಖ್ಯೆಗೆ ಇಳಿಸುವುದು ಎಲ್ಲ ಕಡೆ ನಡೆಯುವುದಿಲ್ಲ, ಜನ ಇರುವ ಕಡೆ ಒಬ್ಬ ಉಳಿದರೂ ದೋಣಿ ಮತ್ತೆ ಬರಲೇಬೇಕು, ಇದನ್ನು ತಿಳಿಯದೆ ಲೆಕ್ಕ ಮಾಡುವವನು ಮುಠ್ಠಾಳ ಎಂದು ಒತ್ತಿ ಒತ್ತಿ ಹೇಳಿದರು. ಹದಿನೈದು ಸಲ, ನೂರೈದು ಲೀಟರ್. ಇಪ್ಪತ್ತೆಂಟು ಎಕ್ಸ್ ಎಂದರೆ ನೂರೈದು, ಎಕ್ಸ್ ಎಂದರೆ ಮೂರು ಮುಕ್ಕಾಲು. ಮೂರು ಮುಕ್ಕಾಲು ಕ್ಯಾನು ಯಾವ ಅಂಗಡಿಯಲ್ಲೂ ಕೊಡುವುದಿಲ್ಲ, ನಾಲ್ಕು ತರಬೇಕು. ಮೂರೇ ತಂದರೆ ನಡುನೀರಿನಲ್ಲಿ ನಿಲ್ಲುತ್ತೀರಿ. ಉತ್ತರದ ಕೆಳಗೆ ಎರಡು ಗೆರೆ ಎಳೆದರು. ಮಕ್ಕಳು ಚಪ್ಪಾಳೆ ತಟ್ಟಿದರು. ಸೂತ್ರಧಾರರಿಗೆ ಎಷ್ಟು ಖುಷಿಯಾಯಿತೆಂದರೆ ಒಂದು ಕ್ಷಣ ನನಗೂ ಪಾಪ ಅನ್ನಿಸಿತು.

ಕಿಟಕಿ ಪಕ್ಕದ ಹುಡುಗಿ ಕೈ ಎತ್ತಿದಳು. ಅವಳನ್ನು ಎಲ್ಲರೂ ಯಾಕಮ್ಮ ಎಂದೇ ಕರೆಯುವುದು. ಯಾಕೆ ಎಂದು ಕೇಳದೆ ಅವಳು ಒಂದು ಗ್ಲಾಸು ನೀರನ್ನೂ ಕುಡಿಯುವವಳಲ್ಲ.

"ಸರ್, ಇದು ನಮ್ಮ ಸ್ಕೂಲಲ್ವಾ?" ಎಂದಳು. "ಐನೂರ ಎಪ್ಪತ್ತೊಂಬತ್ತು ಅಂತ ಗೇಟಿನ ಹತ್ರ ಬೋರ್ಡಲ್ಲಿದೆ. ನಮಗೂ ಕ್ಲಾಸಿಗೆ ನಲವತ್ತೇ. ಗಣಿತಕ್ಕೆ ಏಳು ಪೀರಿಯಡ್ಡು. ಹಾಗಾದ್ರೆ ದೋಣಿ ಅಂದ್ರೆ ಕ್ಲಾಸು, ಕ್ಯಾನು ಅಂದ್ರೆ ಟೀಚರು."

ನಾನು ಇದನ್ನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟಿದ್ದರೆ ಅವಳು ಯಾಕೆ ಎಂದು ಕೇಳುತ್ತಿದ್ದಳು, ಹೇಳುತ್ತಿರಲಿಲ್ಲ. ಸೂತ್ರಧಾರರು ಎರಡು ಗೆರೆಗಳನ್ನು ನೋಡಿದರು, ನನ್ನನ್ನು ನೋಡಿದರು, ಕೈಗೆ ಅಂಟಿದ ಸೀಮೆಸುಣ್ಣದ ಪುಡಿಯನ್ನು ಬಹಳ ಹೊತ್ತು ಕೊಡವಿದರು.

ದೊಡ್ಡ ಮೇಡಂ ಕೋಣೆಯಲ್ಲಿ ಅವರು ಫ್ಯಾನಿನ ಕೆಳಗಿನ ಕುರ್ಚಿ ಆರಿಸಿಕೊಂಡರು. ನನ್ನನ್ನು ಕೂರಿಸಲಿಲ್ಲ. ಕೋಪ ತೋರಿಸಲಿಲ್ಲ ಎನ್ನುವುದಕ್ಕೇ ನನಗೆ ಭಯವಾಯಿತು. ಮೇಡಂ ತಂದಿಟ್ಟ ಟೀಯನ್ನು ಆರಿಸಿ ಕುಡಿದು, ಪಾಠ ಚೆನ್ನಾಗಿತ್ತು ಎಂದರು.

"ಆದ್ರೆ ದೋಣಿ ಲೆಕ್ಕ ಬೇರೆ, ಸ್ಕೂಲ್ ಲೆಕ್ಕ ಬೇರೆ. ದೋಣೀಲಿ ಜನ ಹೆಚ್ಚಾದ್ರೆ ಮುಳುಗ್ತಾರೆ, ಪೇಪರಲ್ಲಿ ಬರುತ್ತೆ. ಸ್ಕೂಲಲ್ಲಿ ಮುಳುಗಿದ್ರೆ ಯಾರಿಗೂ ಕಾಣಲ್ಲ."

ಇಷ್ಟು ನಿಜವನ್ನು ಒಬ್ಬ ಅಧಿಕಾರಿಯ ಬಾಯಿಂದ ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅವರಿಗೆ ತಾವು ನಿಜ ಹೇಳಿದ್ದು ಗೊತ್ತಾಗಲಿಲ್ಲ, ಟೀ ಚೆನ್ನಾಗಿದೆ ಎಂದಷ್ಟೇ ಸಹಜವಾಗಿ ಹೇಳಿದ್ದರು. ಆದರೆ ನಲವತ್ತಕ್ಕಿಂತ ಒಬ್ಬರೂ ಹೆಚ್ಚು ಕೂರಬಾರದು ಎಂಬ ನಿಯಮವೂ ಅವರದೇ ಎಂದು ನೆನಪಿಸಿದೆ. ಅವರು ತಲೆಯಾಡಿಸಿದರು. ಹೌದು, ನಿಯಮ ಮುರಿಯುವುದು ಬೇಡ, ಅದಕ್ಕೊಂದು ದಾರಿಯಿದೆ ಎಂದರು. ಇಷ್ಟು ದಿನ ಈ ಹತ್ತೊಂಬತ್ತು ಮಕ್ಕಳು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ನಾನೇ ತೋರಿಸಿಕೊಟ್ಟಿದ್ದೇನೆ. ಅವರನ್ನು ಹೆದ್ದಾರಿಯ ಆಚೆಗಿರುವ ಶಾಲೆಗೆ ಕಳಿಸಿದರೆ ಇಲ್ಲಿ ಐನೂರ ಅರವತ್ತು ಉಳಿಯುತ್ತದೆ, ಹದಿನಾಲ್ಕು ತರಗತಿ ಚೊಕ್ಕವಾಗಿ ತುಂಬುತ್ತದೆ, ಸೂತ್ರಕ್ಕೂ ಶಾಲೆಗೂ ಜಗಳವೇ ಇರುವುದಿಲ್ಲ.

ನನ್ನ ಅರ್ಧ ಹೋದರೆ ಹೋಗಲಿ, ಆ ಹೆದ್ದಾರಿಯನ್ನು ಮಕ್ಕಳು ದಿನಾ ದಾಟುವುದೇ? ಲೆಕ್ಕ ಸರಿ ಮಾಡಲು ಹೋಗಿ ಏನು ಮಾಡಿಟ್ಟೆ ಎಂದುಕೊಂಡೆ. ಆಗಲೇ ಇನ್ನೊಂದು ಹೊಳೆಯಿತು. ಹೊಳೆದದ್ದನ್ನು ಮುಖದಲ್ಲಿ ತೋರಿಸಿಕೊಳ್ಳದೆ, ಆದಷ್ಟು ಮೆತ್ತಗೆ ಕೇಳಿದೆ.

"ಯಾವ ಹತ್ತೊಂಬತ್ತು ಮಕ್ಕಳು ಸರ್?"

ಅದರಲ್ಲೇನಿದೆ, ಮೇಷ್ಟ್ರುಗಳಿಗೆ ಇರುವ ನಿಯಮವೇ ಮಕ್ಕಳಿಗೂ. ಕೊನೆಗೆ ಸೇರಿದವರು ಮೊದಲು ಹೋಗಬೇಕು ಎಂದರು ಸೂತ್ರಧಾರರು. ದೊಡ್ಡ ಮೇಡಂ ಕೈಯಲ್ಲಿದ್ದ ಟೀ ಲೋಟವನ್ನು ಕೆಳಗಿಟ್ಟರು.

ಕೊನೆಗೆ ಸೇರಿದವರು ಯಾರು ಎಂದು ಶಾಲೆಯಲ್ಲಿ ಎಲ್ಲರಿಗೂ ಗೊತ್ತು. ದಾಖಲಾತಿ ಮುಗಿದು ಬಾಗಿಲು ಹಾಕಿದ ಮೇಲೂ ಕೆಲವರಿಗೆ ಬಾಗಿಲು ತೆರೆಯುತ್ತದೆ. ಒಂದು ಫೋನು ಬರುತ್ತದೆ, ಮೇಡಂ ಎದ್ದು ನಿಂತೇ ಮಾತಾಡುತ್ತಾರೆ, ಮರುದಿನ ಹೊಸ ಚೀಲ ಹೊತ್ತ ಒಂದು ಮಗು ಬರುತ್ತದೆ. ಈಗ ಮೇಡಂ ಕನ್ನಡಕ ತೆಗೆದರು. ಅವರ ಬೆನ್ನು ಯಾವತ್ತೂ ಇಲ್ಲದಷ್ಟು ನೆಟ್ಟಗಾಗಿತ್ತು. ಶಾಲಾ ಸಮಿತಿ ಅಧ್ಯಕ್ಷರ ಮೊಮ್ಮಗ ಎಂದರು. ಕಚೇರಿಯ ಮೇಲಧಿಕಾರಿಗಳ ಅವಳಿ ಹೆಣ್ಣುಮಕ್ಕಳು ಎಂದರು. ತಮ್ಮ ತಂಗಿಯ ಮಗಳೂ ಒಬ್ಬಳಿದ್ದಾಳೆ, ಸುಳ್ಳು ಹೇಳುವುದಿಲ್ಲ ಎಂದರು. ಆಮೇಲೆ ಸ್ವಲ್ಪ ತಡೆದು ಮುಗಿಸಿದರು.

"ನಿಮ್ಮ ಭಾವಮೈದುನನ ಮಗನೂ ಅದರಲ್ಲೇ ಬರ್ತಾನೆ ಸರ್. ನೀವೇ ಫೋನ್ ಮಾಡಿದ್ರಲ್ಲ."

ಸೂತ್ರಧಾರರು ಕಾಗದ ಎಳೆದುಕೊಂಡು ಐನೂರ ಎಪ್ಪತ್ತೊಂಬತ್ತನ್ನು ಮತ್ತೆ ಭಾಗಿಸಿದರು. ಉತ್ತರ ನೋಡಿ ಹುಬ್ಬು ಗಂಟಿಕ್ಕಿದರು. ಇದನ್ನು ಹದಿನಾಲ್ಕು ಎಂದು ಹಿಡಿದವರು ಯಾರು ಎಂದು ಗದರಿದರು. ನೀವೇ ಎಂದು ಹೇಳುವ ಧೈರ್ಯ ಮೇಡಂಗೂ ಇರಲಿಲ್ಲ, ನನಗೂ ಬೇಕಾಗಿರಲಿಲ್ಲ. ಯಾವನೋ ಗುಮಾಸ್ತನ ಕೆಲಸವಿರಬೇಕು ಎಂದು ತಾವೇ ತೀರ್ಮಾನಿಸಿ ಹದಿನೈದು ಎಂದು ತಿದ್ದಿದರು. ನೂರೈದು ಪೀರಿಯಡ್, ಮೂರು ಮುಕ್ಕಾಲು ಮೇಷ್ಟ್ರು. ಅರ್ಧಕ್ಕಿಂತ ಹೆಚ್ಚು, ಆದ್ದರಿಂದ ನಾಲ್ವರು.

ನನಗೆ ಅಳು ಬರುವಷ್ಟು ಖುಷಿಯಾಯಿತು. ಜೊತೆಗೇ ಒಂದು ಕಹಿ. ಲೆಕ್ಕ ಸರಿಯಾಗಿದ್ದಕ್ಕೆ ನಾನು ಉಳಿಯಲಿಲ್ಲ, ಶೇಷವಾಗಿ ಉಳಿದ ಮಕ್ಕಳಿಗೆ ದೊಡ್ಡ ದೊಡ್ಡ ಅಪ್ಪಂದಿರಿದ್ದದ್ದಕ್ಕೆ ಉಳಿದೆ. ಆ ಹತ್ತೊಂಬತ್ತು ಜನ ಗ್ಯಾರೇಜಿನವರ, ಮನೆಗೆಲಸದವರ ಮಕ್ಕಳಾಗಿದ್ದರೆ ಈ ಹೊತ್ತಿಗೆ ಹೆದ್ದಾರಿ ದಾಟುವುದನ್ನು ಕಲಿಯುತ್ತಿದ್ದರು. ಆದರೂ ಉಳಿದೆನಲ್ಲ ಎಂದು ನಿಟ್ಟುಸಿರು ಬಿಟ್ಟೆ. ಬಿಡುತ್ತಿರುವಾಗಲೇ ಸೂತ್ರಧಾರರ ಪೆನ್ನು ನಿಂತಿತು.

ಇನ್ನೂ ಸಹಿ ಹಾಕಿರಲಿಲ್ಲ. ನಾಲ್ವರಿಗೆ ಇಪ್ಪತ್ತೆಂಟರಂತೆ ನೂರ ಹನ್ನೆರಡು ಪೀರಿಯಡ್ ಆಗುತ್ತದೆ, ಬೇಕಾದದ್ದು ನೂರೈದು, ಏಳು ಪೀರಿಯಡ್ ದಂಡಕ್ಕೆ ಹೋಗುತ್ತಿದೆ ಎಂದರು. ಭಾಷೆಯ ಮೇಷ್ಟ್ರುಗಳ ಹತ್ತಿರ ಇನ್ನೆಂಟು ಪೀರಿಯಡ್ ಖಾಲಿ ಬಿದ್ದಿದ್ದು ಅವರಿಗೆ ನೆನಪಿತ್ತು. ಏಳೂ ಎಂಟೂ ಹದಿನೈದು. ಹದಿನೈದು ತರಗತಿಗೆ ಹದಿನೈದು ಚಿತ್ರದ ಪೀರಿಯಡ್, ಅದಕ್ಕೆ ಬೇರೆ ಮೇಷ್ಟ್ರೇ ಬೇಡ. ಅವರ ಮುಖ ಬೆಳಗಿತು. ಇಷ್ಟು ಚೊಕ್ಕವಾಗಿ ಹೊಂದುವ ಲೆಕ್ಕ ಅವರಿಗೂ ದಿನಾ ಸಿಗುವುದಿಲ್ಲ. ಚಿತ್ರ ಬರೆಯಲು ಯಾರಿಗೆ ಬರುವುದಿಲ್ಲ, ಈ ಮೇಡಂ ಬೋರ್ಡಿನ ಮೇಲೆ ದೋಣಿ ಎಷ್ಟು ಚೆನ್ನಾಗಿ ಬರೆದಿದ್ದರು ಎಂದು ನನ್ನ ಕಡೆ ಕೈ ತೋರಿಸಿದರು.

ದೋಣಿ ಬರೆದವರು ಚಿತ್ರದ ಮೇಷ್ಟ್ರು ಎಂದೆ. ಹದಿನೈದನ್ನು ಇಪ್ಪತ್ತೆಂಟರಿಂದ ಭಾಗಿಸಿದರೆ ಈಗ ಅವರೂ ಅರ್ಧಕ್ಕಿಂತ ಹೆಚ್ಚು, ನಿಯಮದ ಪ್ರಕಾರ ಅವರೂ ಉಳಿಯಬೇಕು ಎಂದೂ ಹೇಳಿದೆ. ಸೂತ್ರಧಾರರು ಪೆನ್ನಿಗೆ ಮುಚ್ಚಳ ಹಾಕಿದರು.

"ಹಾಗಾದ್ರೆ ಮತ್ತೆ ಮೊದಲಿಂದ ಲೆಕ್ಕ ಮಾಡೋಣ್ವಾ ಮೇಡಂ?"

ನಾನು ಆ ಮುಚ್ಚಳವನ್ನೇ ನೋಡುತ್ತಾ ನಿಂತೆ. ದೊಡ್ಡ ಮೇಡಂ ಕಣ್ಣಲ್ಲೇ ಬೇಡ ಎಂದರು. ನಾನು ಮತ್ತೆ ಬಾಯಿ ತೆರೆಯಲಿಲ್ಲ. ಮುಚ್ಚಳ ತೆರೆಯಿತು, ಸಹಿ ಬಿತ್ತು.

ಚಿತ್ರದ ಮೇಷ್ಟ್ರಿಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ನಾನು ಹೋದಾಗ ಕುಂಚಗಳನ್ನು ತೊಳೆದು ಹಳೆಯ ಟವೆಲ್ಲಿನಲ್ಲಿ ಸುತ್ತುತ್ತಿದ್ದರು. ನಾನು ಹೇಳಿ ನೋಡಿದೆ ಎಂದೆ. ನಿಮ್ಮ ಕೆಲಸ ಉಳೀತಲ್ಲ, ಅಷ್ಟು ಸಾಕು ಎಂದರು. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ನಾನು ಜಗಳವಾಡಿ ಹಗುರಾಗುತ್ತಿದ್ದೆ. ಚಿಕ್ಕ ಮಕ್ಕಳಿಗೆ ಮೊದಲು ಕೈ ಸಡಿಲ ಬಿಡುವುದನ್ನು ಕಲಿಸಿ, ಸ್ಕೇಲು ಕೊಡಬೇಡಿ ಎಂದು ನನಗೆ ಬುದ್ಧಿ ಹೇಳಿ, ಬಣ್ಣದ ಸೀಮೆಸುಣ್ಣದ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಮನೆಯಲ್ಲಿ ಗಂಡ ಕೆಲಸ ಉಳಿದಿದ್ದಕ್ಕೆ ಸಂತೋಷಪಟ್ಟರು. ಮೇಷ್ಟ್ರ ವಿಷಯ ಕೇಳಿ ಮಾತ್ರ ಏನೂ ಅನ್ನಲಿಲ್ಲ. ಒಂದು ಇರಲಿಯನ್ನಾದರೂ ಅನ್ನಬಾರದಿತ್ತೇ ಎಂದು ನನಗೆ ಅನ್ನಿಸಿತು.

ಮುಂದಿನ ವಾರ ಅದೇ ತರಗತಿಗೆ ಚಿತ್ರದ ಪೀರಿಯಡ್ ತೆಗೆದುಕೊಂಡು ಹೋದೆ. ಬೋರ್ಡಿನ ಮೇಲೆ ಮರ ಬರೆಯಲು ಹೊರಟೆ. ಕಾಂಡವೇನೋ ಬಂತು, ಕೊಂಬೆಗಳೆಲ್ಲ ತ್ರಿಕೋನವಾದವು. ಮಕ್ಕಳು ಮರ್ಯಾದೆಗೆ ನಗಲಿಲ್ಲ. ಕಿಟಕಿ ಪಕ್ಕದಲ್ಲಿ ಯಾಕಮ್ಮ ಕೈ ಎತ್ತಿದಳು. ಚಿತ್ರದ ಮೇಷ್ಟ್ರು ಯಾಕೆ ಬರುವುದಿಲ್ಲ ಎಂದು ಕೇಳಿದಳು. ಕಚೇರಿಯವರು ಲೆಕ್ಕ ಹಾಕಿ ನೋಡಿದರು, ಅವರು ಬೇಕಾಗುವುದಿಲ್ಲ ಎಂದು ಬಂತು ಎಂದೆ. ಅವಳು ಸ್ವಲ್ಪ ಹೊತ್ತು ಪುಸ್ತಕದ ಮೂಲೆಯಲ್ಲಿ ಏನೋ ಗೀಚಿ ಎದ್ದು ನಿಂತಳು.

"ಹದಿನೈದು ಕ್ಲಾಸು, ಕ್ಲಾಸಿಗೆ ಒಂದು ಪೀರಿಯಡ್ಡು. ಇಪ್ಪತ್ತೆಂಟರಲ್ಲಿ ಹದಿನೈದು ಅಂದ್ರೆ ಅರ್ಧಕ್ಕಿಂತ ಜಾಸ್ತಿ. ಅರ್ಧಕ್ಕಿಂತ ಜಾಸ್ತಿ ಇದ್ರೆ ಒಂದು ಅಂತ ನೀವೇ ಹೇಳ್ಕೊಟ್ರಿ. ಹಾಗಾದ್ರೆ ಒಬ್ರು ಬೇಕೇ ಬೇಕಲ್ವಾ ಮಿಸ್?"

ಇಡೀ ತರಗತಿ ನನ್ನ ಮುಖ ನೋಡಿತು. ಲೆಕ್ಕ ಸರಿಯಾಗಿದೆ, ಕೂತ್ಕೋ ಎಂದೆ.

ಅವಳು ಕೂರಲಿಲ್ಲ.